ಉಸುಕಿನಲ್ಲಿ ಕೇಪಳ

ಕೇಪಳದ ಗಿಡ ಸಮುದ್ರದಂಡೆಯ ಉಸುಕಿನಲ್ಲಿ ಬದುಕುವುದಿಲ್ಲ ಎಂದು ನನಗೆ ಮೊದಲು ಹೇಳಿದವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಹಾಗೆ ಹೇಳುವಾಗ ಅವಳ ಕೆಳತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ನಾನು ಮದುವೆಯಾಗಿ ಅಮದಳ್ಳಿಗೆ ಬಂದು ಅದು ನಾಲ್ಕನೆಯ ದಿನ.

"ಬಾಗ್ಲು ತಾಗ್ತು," ಎಂದಳು, ನಾನು ಕೇಳದೆಯೇ.

ಬಾಗಿಲು ತಾಗಿದ್ದಲ್ಲ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಗಂಜಿ ಬಡಿಸುವ ಹೊತ್ತಿಗೆ ಭಾವನ ಕೈ ಬೀಸಿದ ಸದ್ದು ನಾನು ಒಳಕೋಣೆಯಿಂದ ಕೇಳಿದ್ದೆ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗಿತ್ತು. ಆಮೇಲೆ ಕಂಚಿನ ಬಟ್ಟಲು ನೆಲದ ಮೇಲೆ ಉರುಳುತ್ತ ಬಹಳ ಹೊತ್ತು ಸದ್ದು ಮಾಡಿತು. ಮಾವ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುವುದನ್ನು ನಿಲ್ಲಿಸಲಿಲ್ಲ.

ಅಂಕೋಲೆಯ ಕಡೆ ಜನ ಉಪ್ಪು ತಯಾರಿಸಿ ಜೈಲಿಗೆ ಹೋಗಿಬಂದು ಎರಡು ಮಳೆಗಾಲ ಕಳೆದಿದ್ದ ಕಾಲ ಅದು. ನನಗೆ ಹದಿನೆಂಟು. ತವರು ಮಂಜಗುಣಿಯ ಹತ್ತಿರ, ಗಂಗಾವಳಿ ಹೊಳೆ ಸಮುದ್ರ ಸೇರುವ ಜಾಗದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ. ಆ ಗುಡ್ಡದ ಮೇಲೆ ಕೇಪಳವನ್ನು ಯಾರೂ ನೆಡುತ್ತಿರಲಿಲ್ಲ. ಚಿರೇಕಲ್ಲಿನ ಬಿರುಕಿನಲ್ಲಿ, ಕೆಂಪುಮಣ್ಣಿನ ಇಳಿಜಾರಿನಲ್ಲಿ, ನೀರು ನಿಲ್ಲದ ಕಡೆ, ಬಿಸಿಲು ಬೀಳುವ ಕಡೆ ಅದು ತಾನಾಗಿ ಎದ್ದು ಆಳೆತ್ತರಕ್ಕೆ ಪೊದೆಯಾಗುತ್ತಿತ್ತು. ಬೇಸಿಗೆಯಲ್ಲಿ ಗುಡ್ಡದ ಹುಲ್ಲೆಲ್ಲ ಸುಟ್ಟು ಬೂದಿಬಣ್ಣವಾದರೂ ಕೇಪಳದ ದಪ್ಪ ಎಲೆ ಹಸಿರೇ. ಆ ಹಸಿರಿನ ಮೇಲೆ ಗೊಂಚಲು ಗೊಂಚಲು ಕೆಂಪು ಹೂ. ಹೂ ಉದುರಿದ ಮೇಲೆ ಬಟಾಣಿಯಷ್ಟು ದಪ್ಪದ ಹಣ್ಣು. ಪಿಕಳಾರ ಹಕ್ಕಿಗಳು ನಮಗಿಂತ ಮೊದಲು ಬಂದು ತಿನ್ನುತ್ತಿದ್ದವು.

ಮದುವೆಯ ಮರುದಿನ ನಾನು ಹೊರಡುವಾಗ ಅಮ್ಮ ಎರಡು ಸಸಿಗಳನ್ನು ಬೇರಿನ ಮಣ್ಣು ಸಮೇತ ತೆಂಗಿನ ನಾರಿನಲ್ಲಿ ಸುತ್ತಿ ಕೊಟ್ಟಿದ್ದಳು.

"ಹೊಟ್ಟೆ ಕೆಟ್ಟು ರಕ್ತ ಬಿದ್ರೆ ಇದ್ರ ಹೂವ ತುಪ್ಪದಲ್ಲಿ ಹುರ್ದು, ಅರ್ದು, ಮಜ್ಜಿಗೇಲಿ ಕುಡೀಬೇಕು. ನಿನ್ನ ಗಂಡನ ಮನೆ ಉಸುಕಿನ ಮೇಲದೆ. ಅಲ್ಲಿ ಇದು ಸಿಗೂದಿಲ್ಲ."

ಅಮ್ಮನ ಮಾತು ನಿಜವಾಗಿತ್ತು. ಗಂಡನ ಮನೆಯ ಹಿತ್ತಿಲಿನಲ್ಲಿ ಗುದ್ದಲಿ ಹಾಕಿದರೆ ಬಿಳಿ ಉಸುಕು, ಉಸುಕಿನ ತುಂಬ ಚಿಪ್ಪಿಯ ಚೂರು. ಪಶ್ಚಿಮಕ್ಕೆ ಹತ್ತಿಪ್ಪತ್ತು ತೆಂಗಿನ ಮರ, ಅದರಾಚೆ ಕಡಲು. ಮೊದಲ ಸಸಿಯನ್ನು ತೆಂಗಿನ ಮರದ ಹತ್ತಿರ ನೆಟ್ಟೆ. ಗಾಳಿ ಜೋರಾದ ದಿನ ಉಪ್ಪುನೀರಿನ ತುಂತುರು ಅಲ್ಲಿಯವರೆಗೆ ಬರುತ್ತಿತ್ತು. ಎಲೆಯ ತುದಿ ಬೆಂಕಿ ತಾಗಿದ ಹಾಗೆ ಕಪ್ಪಾಯಿತು. ಇಪ್ಪತ್ತು ದಿನಕ್ಕೆ ಸಸಿ ಒಣಗಿ ಕಡ್ಡಿಯಾಯಿತು. ಎರಡನೆಯದನ್ನು ಅಡುಗೆಮನೆಯ ಹಿಂದೆ, ಗೋಡೆಯ ಮರೆಯಲ್ಲಿ ನೆಟ್ಟಿದ್ದೆ. ಅದು ಸಾಯಲಿಲ್ಲ, ಬೆಳೆಯಲೂ ಇಲ್ಲ. ನರಗಳು ಮಾತ್ರ ಹಸಿರಾಗಿ ಉಳಿದು ಎಲೆಯೆಲ್ಲ ಹಳದಿಗೆ ತಿರುಗಿತು.

ಭಾವ ಕುಡಿಯುತ್ತಿರಲಿಲ್ಲ. ಕುಡಿಯುವವರಾಗಿದ್ದರೆ ನಮಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಊರಿನಲ್ಲಿ ಒಳ್ಳೆಯ ಬೇಸಾಯಗಾರ ಎಂದು ಹೆಸರು ಮಾಡಿದವರು. ಮಾವನಿಗೆ ಜ್ವರ ಏರಿದಾಗ ಬೆನ್ನ ಮೇಲೆ ಹೊತ್ತುಕೊಂಡು ಔಷಧಿ ಕೊಡುವವರ ಮನೆಗೆ ಓಡಿದವರು. ಎತ್ತುಗಳಿಗೆ ಒಂದು ದಿನವೂ ಬಾರುಕೋಲಿನ ಪೆಟ್ಟು ಕೊಟ್ಟವರಲ್ಲ. ಹೊಡೆಯುತ್ತಿದ್ದುದು ಹೆಂಡತಿಗೆ ಮಾತ್ರ. ಕೈಯಿಂದ, ತೆಂಗಿನ ಗರಿಯ ದಂಟಿನಿಂದ, ಒಮ್ಮೆ ಬಾವಿಯ ಹಗ್ಗದಿಂದ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ. ಉಪ್ಪು ಸರಿಯಿದ್ದ ದಿನ ಅವಳು ನಕ್ಕಳು ಎಂದು ಹೊಡೆತ. ಅದು ಶುರುವಾದ ಕೂಡಲೇ ನನ್ನ ಗಂಡ ಎದ್ದು ಕೊಟ್ಟಿಗೆಗೆ ಹೋಗಿ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ಆ ವರ್ಷ ನಮ್ಮ ಎತ್ತುಗಳು ಕೊಬ್ಬಿ ಉರುಟಾಗಿದ್ದವು.

ಒಂದು ದಿನ ನಾನು ಗಂಡನನ್ನು ಕೇಳಿಯೇಬಿಟ್ಟೆ. "ನೀವು ಒಂದ್ ಮಾತು ಹೇಳೂಕಾಗೂದಿಲ್ವೇ?"

"ಅಣ್ಣ ಅಂವ," ಎಂದರು. ಆಮೇಲೆ, "ಸಣ್ಣಕಿದ್ದಾಗ ನಂಗೂ ಹೊಡೀತಿದ್ದ," ಎಂದರು. ಆ ಎರಡನೆಯ ಮಾತು ಹೇಳುವಾಗ ಅವರ ಮುಖ ಹತ್ತು ವರ್ಷದ ಹುಡುಗನದಾಗಿತ್ತು. ನನಗೆ ಕನಿಕರ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ದೀಪಾವಳಿಗೆ ಅಪ್ಪ ನನ್ನನ್ನು ನೋಡಲು ಬಂದಾಗ ಗಿಡದ ಬುಡದ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಬೆರಳಿನ ಸಂದಿಯಿಂದ ಸುರಿಸಿದ.

"ಇದ್ರಲ್ಲಿ ಬರೀ ಚಿಪ್ಪಿ. ಚಿಪ್ಪಿ ಅಂದ್ರೆ ಸುಣ್ಣ. ಸುಣ್ಣ ಕೇಪಳಕ್ಕೆ ಆಗೂದಿಲ್ಲ. ಮೇಲಿಂದ ಬೂದಿ ಯಾರು ಹಾಕ್ತಾ ಇದ್ದದ್ದು?"

ವಾರಗಿತ್ತಿ ಬಾಗಿಲ ಹಿಂದಿನಿಂದ ಮೆಲ್ಲಗೆ, "ನಾನೇ. ಗಿಡಕ್ಕೆ ಬೂದಿ ಒಳ್ಳೇದು ಅಂತ," ಎಂದಳು. ನಾನು ನೋಡದಿದ್ದಾಗ ಅವಳು ದಿನವೂ ಒಲೆಯ ಬೂದಿ ತಂದು ಬುಡಕ್ಕೆ ಹಾಕುತ್ತಿದ್ದಳು. ಆ ಗಿಡವನ್ನು ನನ್ನಷ್ಟೇ ಅವಳೂ ನೋಡಿಕೊಳ್ಳುತ್ತಿದ್ದಳೆಂದು ನನಗೆ ಗೊತ್ತಾದದ್ದು ಆವಾಗ.

"ಬಸಳೆಗೆ ಹಾಕು ತಂಗಿ, ಬದ್ನೆಗೆ ಹಾಕು. ಇದಕ್ಕೆ ಬೇಡ," ಎಂದ ಅಪ್ಪ. "ಮೊಣಕಾಲುದ್ದ ಹೊಂಡ ತೋಡಿ ಉಸುಕೆಲ್ಲ ತೆಗೀರಿ. ಗುಡ್ಡದ ಕೆಂಪುಮಣ್ಣು ತಂದು ತುಂಬ್ರಿ, ಅಡಿಗೆ ಚಿರೇಕಲ್ಲಿನ ಚೂರು ಹಾಕ್ರಿ. ಕೊಳ್ತ ಎಲೆ ಇದ್ರೆ ಅದೂ ಆಯ್ತು. ಕಡಲ ಬದಿಗೆ ಒಂದು ತಟ್ಟಿ ಕಟ್ರಿ. ಆಮೇಲೆ ನೋಡ್ರಿ."

ಊರಿನ ಪೂರ್ವಕ್ಕೆ, ದೊಡ್ಡ ರಸ್ತೆ ದಾಟಿದರೆ ಗುಡ್ಡ. ಗಂಡಸರು ಗದ್ದೆಗೆ ಹೋದ ಮೇಲೆ ನಾವಿಬ್ಬರೂ ಬುಟ್ಟಿ ಹಿಡಿದು ಹೊರಟೆವು. ಮಾವ ಕೇಳಿದರೆ ಸೌದೆಗೆ ಎನ್ನುವುದು. ಹಾಗೆ ಒಂದು ವಾರ ಮಣ್ಣು ಹೊತ್ತೆವು. ಗುಡ್ಡದಲ್ಲಿ ಕೇಪಳದ ಹಣ್ಣು ಇನ್ನೂ ಇತ್ತು. ಅವಳು ಪೊದೆಯೊಳಗೆ ಕೈ ಹಾಕಿ ಮುಷ್ಟಿ ತುಂಬ ಕಿತ್ತು ತಿನ್ನುತ್ತಿದ್ದಳು, ತುಟಿಯೆಲ್ಲ ಬಣ್ಣವಾಗುತ್ತಿತ್ತು. ಮನೆಯಲ್ಲಿ ಸರಿಯಾಗಿ ಉಸಿರು ಬಿಡದವಳು ಅಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದಳು.

"ಮದ್ವೆ ಆಗಿ ಎಂಟು ವರ್ಷ," ಎಂದಳು ಒಂದು ದಿನ, ಬುಟ್ಟಿಗೆ ಮಣ್ಣು ತುಂಬುತ್ತ. "ಎರಡು ಹೊಟ್ಟೇಲೇ ಹೋದವು. ಒಂದು ತಾನಾಗೇ ಹೋಯ್ತು. ಇನ್ನೊಂದು ಅವರು ಒದ್ದದ್ದಕ್ಕೆ ಹೋಯ್ತು. ಐದು ತಿಂಗಳು ತುಂಬಿತ್ತು. ನಾನೇ ಬಾಳೆಲೇಲಿ ಸುತ್ತಿ ತೆಂಗಿನ ಬುಡಕ್ಕೆ ಹುಗ್ದೆ."

"ಯಾವ ತೆಂಗಿನ ಬುಡಕ್ಕೆ?" ಎಂದು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ ಗೊತ್ತಿಲ್ಲ.

"ಬಾವಿ ಹತ್ರದ್ದು," ಎಂದು ಹೇಳಿ ಬುಟ್ಟಿ ಎತ್ತಿಕೊಡು ಎಂದು ಸನ್ನೆ ಮಾಡಿದಳು.

ಹೊಸ ಮಣ್ಣು ಬಿದ್ದ ಮೇಲೆ ಗಿಡ ಬದಲಾಯಿತು. ತೆಂಗಿನ ಗರಿಯ ತಟ್ಟಿ ಉಪ್ಪುಗಾಳಿಯನ್ನು ತಡೆಯಿತು. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆಯ ಪಾತ್ರೆ ತೊಳೆದ ನೀರು ಎಲ್ಲ ಅದಕ್ಕೇ. ಮುಂದಿನ ಮಳೆಗಾಲದಲ್ಲಿ ಸುತ್ತಲ ಅಂಗಳ ನೀರಿನಿಂದ ತುಂಬಿದರೂ ನಾವು ಎತ್ತರಿಸಿದ ಬುಡದಲ್ಲಿ ನೀರು ನಿಲ್ಲಲಿಲ್ಲ. ಮಳೆ ನಿಂತು ಬಿಸಿಲು ಬಿದ್ದ ಮೇಲೆ ನನ್ನ ಸೊಂಟದೆತ್ತರಕ್ಕೆ ಬಂತು, ತುದಿಗಳಲ್ಲಿ ಮೊಗ್ಗು ಕಟ್ಟಿತು. ಸೂಜಿಯ ಹಾಗೆ ನೆಟ್ಟಗೆ ನಿಂತ ಮೊಗ್ಗುಗಳು ಒಂದು ಬೆಳಿಗ್ಗೆ ನಾಲ್ಕು ನಾಲ್ಕು ಎಸಳಾಗಿ ಬಿಚ್ಚಿಕೊಂಡವು.

ಹೊಡೆತದ ವಿಷಯದಲ್ಲಿಯೂ ಆ ವರ್ಷ ನಾನೊಂದು ಸಂಗತಿ ಕಂಡುಕೊಂಡೆ. ನಮ್ಮ ಮನೆಯ ಪದ್ಧತಿಯಲ್ಲಿ ತಮ್ಮನ ಹೆಂಡತಿಯನ್ನು ಅಣ್ಣನಾದವನು ಮುಟ್ಟುವ ಹಾಗಿಲ್ಲ. ಭಾವ ಬಂದರೆ ನಾನು ಬಾಗಿಲ ಮರೆಗೆ ಸರಿಯಬೇಕು, ಅವರೂ ನಾನಿರುವ ಕಡೆ ನೋಡಬಾರದು. ಒಂದು ಮಧ್ಯಾಹ್ನ ಅವರು ವಾರಗಿತ್ತಿಯ ಜುಟ್ಟು ಹಿಡಿದು ತಲೆಯನ್ನು ಒರಳಿನ ಕಡೆಗೆ ಬಗ್ಗಿಸುತ್ತಿದ್ದಾಗ ನಾನು ಏನೂ ಯೋಚಿಸದೆ ಹೋಗಿ ಇಬ್ಬರ ನಡುವೆ ನಿಂತುಬಿಟ್ಟೆ. ಹೊಡೆಯಲು ಎತ್ತಿದ ಅವರ ಇನ್ನೊಂದು ಕೈ ಹಾಗೇ ನಿಂತಿತು. ನನ್ನ ಕಡೆ ನೋಡಲಾರದೆ ಗೋಡೆಯನ್ನು ನೋಡಿದರು. ಕುತ್ತಿಗೆಯ ನರ ಹಾರುವುದು ನನಗೆ ಕಾಣುತ್ತಿತ್ತು. ಜುಟ್ಟು ಬಿಟ್ಟು ಹೊರಗೆ ಹೋದರು.

ಅಲ್ಲಿಂದ ಮುಂದೆ ಸದ್ದು ಕೇಳಿದ ಕೂಡಲೇ ನಾನು ಓಡಿಹೋಗಿ ನಡುವೆ ನಿಲ್ಲುತ್ತಿದ್ದೆ. ಎಷ್ಟೋ ಸಲ ಗೆದ್ದೆ. ಗೆದ್ದೆ ಎನ್ನುವ ಹಮ್ಮು ನನಗೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಗಂಡಸರೆಲ್ಲ ಸುಮ್ಮನಿದ್ದ ಮನೆಯಲ್ಲಿ ನಾನೊಬ್ಬಳು ಆ ಕೈಯನ್ನು ತಡೆಯುತ್ತಿದ್ದೆ. ತಡೆದ ಸಿಟ್ಟು ಭಾವನ ಹೊಟ್ಟೆಯಲ್ಲಿ ಎಷ್ಟು ಸೇರುತ್ತಿದೆ ಎಂದು ನಾನು ಎಣಿಸಿರಲಿಲ್ಲ.

ಭತ್ತದ ಕೊಯ್ಲು ಮುಗಿದ ವಾರ. ಹತ್ತು ಗಂಟೆಯ ಬಿಸಿಲು. ನಾವಿಬ್ಬರೂ ಹಿತ್ತಿಲಲ್ಲಿ ಹೂ ಕೊಯ್ಯುತ್ತಿದ್ದೆವು. ಮಾವನಿಗೆ ಹೊಟ್ಟೆ ಕೆಟ್ಟು ಎರಡು ದಿನವಾಗಿತ್ತು, ಅವರಿಗೇ ಔಷಧಿ. ಭಾವ ಗದ್ದೆಯಿಂದ ಬಂದು ಅಡುಗೆಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಹಿತ್ತಿಲಿಗೆ ಬಂದರು. ಕೈಯಲ್ಲಿ ತೆಂಗಿನ ಗರಿ ಕಡಿಯುವ ಕತ್ತಿ ಇತ್ತು.

"ಗಂಜಿ ಎಲ್ಲದೆ?" ಎಂದರು.

"ಒಲೆ ಮೇಲದೆ. ಬಡಿಸ್ತೆ, ಬಂದೆ," ಎಂದು ಅವಳು ಎದ್ದಳು. ನಾನು ರೂಢಿಯಂತೆ ಅವಳ ಮುಂದೆ ಬಂದು ನಿಂತೆ. ಬೆನ್ನು ಅವರ ಕಡೆಗೆ, ಸೆರಗು ತಲೆಯ ಮೇಲೆ.

ಅವರು ಏನೋ ಕೂಗಿದರು. ಮಾತು ಅರ್ಥವಾಗಲಿಲ್ಲ. ಕತ್ತಿ ನನ್ನ ಪಕ್ಕದಲ್ಲಿ ಗಾಳಿ ಸೀಳಿದ್ದು ಕೇಳಿತು, ಕೇಪಳದ ಅರ್ಧ ಪೊದೆ ಹೂ ಸಮೇತ ಕೆಳಗೆ ಬಿತ್ತು. ಮತ್ತೆ ಬೀಸಿದರು. ಮತ್ತೆ. ತಟ್ಟಿ ಮುರಿಯಿತು. ನನ್ನನ್ನು ಕಡಿಯಲಾರರು, ನನ್ನ ಮರೆಯಲ್ಲಿದ್ದವಳನ್ನೂ ಕಡಿಯಲಾರರು, ಗಿಡವನ್ನು ಕಡಿಯುತ್ತಿದ್ದರು. ಉಗುಳು ಹಾರುತ್ತಿತ್ತು. ವಾರಗಿತ್ತಿ ನನ್ನನ್ನು ಬದಿಗೆ ತಳ್ಳಿ ಮುಂದೆ ಬಂದಳು. "ಬೇಡ, ಅದನ್ನ ಬೇಡ," ಎಂದು ಎಡಗೈ ಚಾಚಿ ಗಿಡದ ಬುಡವನ್ನು ಹಿಡಿದಳು. ಅವರು ನೋಡಲಿಲ್ಲವೋ, ನೋಡಿಯೂ ಕೈ ನಿಲ್ಲಿಸಲಿಲ್ಲವೋ, ಅದನ್ನು ನಾನು ಇವತ್ತಿಗೂ ಹೇಳಲಾರೆ. ಕತ್ತಿ ಇಳಿಯಿತು.

ಕಿರುಬೆರಳು, ಅದರ ಪಕ್ಕದ ಬೆರಳು, ಎರಡೂ ಬುಡದಿಂದ ಹೋದವು. ಅವಳು ಕೈಯನ್ನು ಮುಖದ ಹತ್ತಿರ ತಂದು ನೋಡಿದಳು. ಆಮೇಲೆ ರಕ್ತ ಚಿಮ್ಮಿ ನನ್ನ ಸೀರೆಯ ಮೇಲೆ, ಗಿಡದ ಎಲೆಯ ಮೇಲೆ ಬಿತ್ತು. ನಾನು ಸೆರಗು ಹರಿದು ಬಿಗಿಯಾಗಿ ಸುತ್ತುತ್ತ ಕೂಗಿದ ಕೂಗಿಗೆ ನನ್ನ ಗಂಡ ಕೊಟ್ಟಿಗೆಯಿಂದ ಓಡಿಬಂದರು. ಭಾವ ಕತ್ತಿ ಕೆಳಗೆ ಹಾಕಿ ಉಸುಕಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು.

ನಮ್ಮವರು ಅಣ್ಣನ ಕಡೆ ನೋಡಲಿಲ್ಲ. ಗಾಡಿ ಕಟ್ಟಿದರು. ಅರ್ಗಾ, ಬಿಣಗಾ ದಾಟಿ ಕಾರವಾರದ ದವಾಖಾನೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ತಾವು ಎಂದೂ ಹೊಡೆಯದ ಎತ್ತುಗಳಿಗೆ ನಮ್ಮವರು ಆ ದಿನ ಹೊಡೆದರು. ಗಾಡಿ ಹಾರಿದಾಗಲೆಲ್ಲ ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

ಡಾಕ್ಟರು ವಯಸ್ಸಾದವರು. ಬಟ್ಟೆ ಬಿಚ್ಚಿ ನೋಡಿ, "ಇದು ಹ್ಯಾಂಗಾಯ್ತು?" ಎಂದರು.

"ಕಾಯಿ ಸುಲಿಯೂಕೆ ಹೋಗಿ..." ಎಂದಳು ವಾರಗಿತ್ತಿ.

ನಮ್ಮವರು ನೆಲ ನೋಡಿದರು. ಗಾಯ ತೊಳೆಯುತ್ತಿದ್ದ ಕೊಂಕಣಿ ಹೆಂಗಸು ನನ್ನ ಮುಖ ನೋಡಿ, "ಭಿಯೆನಾಕಾ," ಎಂದಳು, ಹೆದರಬೇಡ ಎಂದು.

"ಅಲ್ಲ," ಎಂದೆ. "ಗಂಡ ಕಡ್ದದ್ದು. ಕತ್ತೀಲಿ. ನಾ ಕಂಡಿದ್ದೆ."

ವಾರಗಿತ್ತಿ ಕಣ್ಣು ಮುಚ್ಚಿದಳು. ಡಾಕ್ಟರು ಒಂದು ಕಾಗದದ ಮೇಲೆ ಬರೆದರು. ಮರುದಿನ ಇಬ್ಬರು ಪೊಲೀಸರು ಅಮದಳ್ಳಿಗೆ ಬಂದು ಭಾವನನ್ನು ಕರೆದುಕೊಂಡು ಹೋದರು.

ಆಮೇಲಿನ ತಿಂಗಳುಗಳು ಕೆಟ್ಟವು. ಮಾವ ನನ್ನ ಕೈಯ ನೀರು ಮುಟ್ಟಲಿಲ್ಲ. ಬಾವಿಕಟ್ಟೆಗೆ ಹೋದರೆ ಬೇರೆ ಹೆಂಗಸರು ಕೊಡ ಎತ್ತಿಕೊಂಡು ನಡೆದುಬಿಡುತ್ತಿದ್ದರು. ಮನೆಗಂಡಸನ್ನು ಜೈಲಿಗೆ ಕಳಿಸಿದವಳು ಎಂದು ನನಗೆ ಕೇಳುವಂತೆಯೇ ಹೇಳುತ್ತಿದ್ದರು. ಒಂದು ಸಂಜೆ ಯಾರೋ ಬೀಸಿದ ಕಲ್ಲು ನನ್ನ ಕಿವಿಯ ಹಿಂದೆ ಬಡಿದು ರಕ್ತ ಬಂತು. ಕೋರ್ಟಿಗೆ ಹೋಗುವ ಹಿಂದಿನ ದಿನ ನಮ್ಮವರು, "ನೀ ಮರ್ತೋಯ್ತು ಅಂತ ಹೇಳು, ಸಾಕು," ಎಂದರು.

"ನೀವು ಎತ್ತಿಗೆ ಹುಲ್ಲು ಹಾಕ್ರಿ," ಎಂದೆ.

ಅಂಥ ಮಾತನ್ನು ಗಂಡನಿಗೆ ಆಡಿದ್ದು ಅದೊಂದೇ ಸಲ. ಅವರು ಕೈ ಎತ್ತಿದರು. ಎತ್ತಿದ ಕೈಯನ್ನು ತಾವೇ ನೋಡಿದರು. ಇಳಿಸಿ, ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಅತ್ತರು. ಮರುದಿನ ಕಾರವಾರಕ್ಕೆ ಅವರೇ ಗಾಡಿ ಹೊಡೆದರು. ಕೋರ್ಟಿನಲ್ಲಿ ನಾನು ಕಂಡದ್ದು ಹೇಳಿದೆ. ನನ್ನ ಬಳಿಕ ನಮ್ಮವರೂ ತಾವಾಗಿ ಎದ್ದು ನಿಂತು, ಚಿಕ್ಕಂದಿನಿಂದ ಕಂಡದ್ದನ್ನೆಲ್ಲ ಹೇಳಿದರು. ಭಾವನಿಗೆ ಆರು ತಿಂಗಳು ಶಿಕ್ಷೆಯಾಯಿತು.

ಮೋಟು ಉಳಿದಿದ್ದ ಕೇಪಳವನ್ನು ಬೇರು ಸಮೇತ ಕೀಳಬೇಕೆಂದು ನಾನು ಗುದ್ದಲಿ ಹಿಡಿದು ಹೋಗಿದ್ದೆ. ವಾರಗಿತ್ತಿ ಬಿಡಲಿಲ್ಲ. ಮೊದಲ ಮಳೆಗೆ ಅದು ಏಳೆಂಟು ಕಡೆ ಚಿಗುರಿತು, ಮೊದಲಿಗಿಂತ ದಟ್ಟವಾಯಿತು. ಇದನ್ನು ಕೇಳಿದ ಮೊಮ್ಮಕ್ಕಳು ಏನೇನೋ ದೊಡ್ಡ ಅರ್ಥ ಹಚ್ಚುತ್ತಾರೆ. ಅಂಥದ್ದೇನೂ ಇಲ್ಲ. ದನ ಮೇಯ್ದರೂ ಸೌದೆಯವರು ಕಡಿದರೂ ಬೇರಿಗೆ ಹಿತವಾದ ಮಣ್ಣಿದ್ದರೆ ಕೇಪಳ ಚಿಗುರುತ್ತದೆ. ಬೆರಳು ಚಿಗುರುವುದಿಲ್ಲ. ಮೂರು ಬೆರಳಿನಲ್ಲಿ ಕೊಡ ಹಿಡಿಯಲು, ಮೀನು ಕೊಯ್ಯಲು ಅವಳು ಆ ಆರು ತಿಂಗಳಲ್ಲಿ ಹೊಸದಾಗಿ ಕಲಿತಳು. ಕೈ ಜಾರಿ ಮಡಕೆ ಒಡೆದಾಗ ಮೊದಮೊದಲು ತೋಳು ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹೊಡೆಯುವವರು ಮನೆಯಲ್ಲಿಲ್ಲ ಎಂದು ನೆನಪಾಗಿ ತೋಳು ಇಳಿಸುತ್ತಿದ್ದಳು. ಮಳೆಗಾಲ ಶುರುವಾಗುವ ಹೊತ್ತಿಗೆ ತೋಳು ಎತ್ತುವುದು ನಿಂತಿತು.

ಭಾವ ತೆಳ್ಳಗಾಗಿ, ತಲೆ ಬೋಳಿಸಿಕೊಂಡು ಬಂದರು. ಒಂದು ತಿಂಗಳು ಯಾರ ಹತ್ತಿರವೂ ಮಾತಾಡಲಿಲ್ಲ. ಒಳ್ಳೆಯವರಾದರು ಎಂದು ಮಾವ ಹೇಳಿದರು. ನಾನೂ ನಂಬಲು ಹೊರಟಿದ್ದೆ.

ಮಳೆ ಹುಯ್ಯುತ್ತಿದ್ದ ಒಂದು ಮಧ್ಯಾಹ್ನ ಅವಳು ಬಡಿಸುವಾಗ ಹಿಡಿತ ತಪ್ಪಿ ಬಿಸಿ ಸಾರು ಅವರ ಕಾಲ ಮೇಲೆ ಚೆಲ್ಲಿತು. ನಾನು ಅಲ್ಲೇ ಅಕ್ಕಿ ಕುಟ್ಟುತ್ತಿದ್ದೆ. ಅವರು ಎದ್ದು ಕೆನ್ನೆಗೆ ಹೊಡೆದರು. ಅವಳು ಗೋಡೆಗೆ ಬಡಿದು ಕೆಳಗೆ ಬಿದ್ದಳು. ಒದೆಯಲು ಕಾಲು ಎತ್ತಿದರು. ನಾನು ನಡುವೆ ಹೋಗಬೇಕು ಅನ್ನುವಷ್ಟರಲ್ಲಿ ಅವಳು ನೆಲದಿಂದಲೇ, "ನೀ ಬರ್ಬೇಡ ತಂಗಿ," ಎಂದಳು.

ನನ್ನ ಕೈಯಿಂದ ಒನಕೆ ಎಳೆದುಕೊಂಡಳು. ಎದ್ದು ನಿಂತು ಬಲಗೈಯಲ್ಲಿ ಮೇಲೆ, ಮೂರು ಬೆರಳಿನ ಕೈಯಲ್ಲಿ ಕೆಳಗೆ ಹಿಡಿದು ಬೀಸಿದಳು. ಮೊದಲ ಏಟಿಗೆ ಅವರ ಭುಜದ ಎಲುಬು ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿತು, ಹಸಿ ಕಟ್ಟಿಗೆ ಮುರಿದ ಹಾಗೆ. ಎರಡನೆಯದು ಮೊಣಕಾಲಿಗೆ. ಬಿದ್ದರು. ಮೂರನೆಯದು ಬೆನ್ನಿಗೆ. "ಸಾಕೇ, ಸಾಕೇ, ಸತ್ತೆ," ಎಂದು ಅಂಗಲಾಚಿದರು. ನಾನು ಬಿಡಿಸಬಹುದಿತ್ತು. ಬಿಡಿಸಲಿಲ್ಲ. ಆ ಗಂಡಸು ಅಳುವುದನ್ನು ಕೇಳಿ ನನಗೆ ಒಳಗೆ ಹಿತವಾಯಿತು. ಇನ್ನೊಂದು ಏಟು ಬೀಳಲಿ ಎಂದು ಕಾದೆ. ಅದು ನೆನಪಾದರೆ ನನಗೆ ನನ್ನದೇ ಭಯ.

ಅವಳೇ ನಿಲ್ಲಿಸಿದಳು. ಒನಕೆಯನ್ನು ಗೋಡೆಗೆ ಒರಗಿಸಿ, ಏದುಸಿರು ಬಿಡುತ್ತ ಹೇಳಿದಳು: "ಕೋರ್ಟಿಗೆ ಹೋಗ್ತೀರಾ? ಗಾಡಿ ಕಟ್ಟೂಕೆ ಹೇಳ್ತೆ. ಹೆಂಡ್ತಿ ಹೊಡದ್ಲು ಅಂತ ಅಲ್ಲಿ ಎಲ್ರ ಮುಂದೆ ಹೇಳ್ರಿ."

ಅವರು ಹೋಗಲಿಲ್ಲ. ಎಲುಬು ಕಟ್ಟುವವನಿಗೆ ಜಾರಿ ಬಿದ್ದೆ ಎಂದರು. ಎಲುಬು ಸೊಟ್ಟಗೆ ಕೂಡಿಕೊಂಡಿತು. ಆ ಕೈ ತಲೆಯ ಮೇಲಕ್ಕೆ ಮತ್ತೆ ಏಳಲಿಲ್ಲ. ಉಳುಮೆಗೆ ಹೋಗುತ್ತಿದ್ದರು, ತೆಂಗು ಹತ್ತುವುದು ನಿಂತಿತು. ಮಾವ ಒಂದು ದಿನ ತಾವಾಗಿ ನನ್ನ ಹತ್ತಿರ ನೀರು ಕೇಳಿದರು. ಭಾವ, ವಾರಗಿತ್ತಿ ಇಬ್ಬರ ನಡುವೆ ಪ್ರೀತಿ ಹುಟ್ಟಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಕ್ಕಳೂ ಆಗಲಿಲ್ಲ. ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದರು, ಬೇಕಾದಷ್ಟೇ ಮಾತು. ಅವಳು ಒಲೆಯ ಮುಂದೆ ಇದ್ದಾಗ ಭಾವ ಹೊಸ್ತಿಲ ಹೊರಗೆ ನಿಂತು ಸಣ್ಣಗೆ ಕೆಮ್ಮುತ್ತಿದ್ದರು. ಅವಳು ಕೆಲಸ ಮುಗಿಸಿ, ಕೈ ಒರೆಸಿಕೊಂಡು, ತಿರುಗಿ ನೋಡದೆ "ಹ್ಞೂಂ" ಎನ್ನುತ್ತಿದ್ದಳು. ಆಮೇಲೆಯೇ ಅವರು ಒಳಗೆ ಕಾಲಿಡುತ್ತಿದ್ದರು.